ನಡು ಹಿಡಿದವರಿಗೆ ಸೂತ್ರದ ಹಂಗಿಲ್ಲ

ಪ್ರವೇಶ ಪರೀಕ್ಷೆಯ ಗೈಡುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಪ್ರಶ್ನೆ: ಒಂದು ಸಮಾಂತರ ಶ್ರೇಢಿಯ ಮೊದಲ 7 ಪದಗಳ ಮೊತ್ತವೂ ಮೊದಲ 13 ಪದಗಳ ಮೊತ್ತವೂ ಒಂದೇ. ಹಾಗಾದರೆ ಮೊದಲ 20 ಪದಗಳ ಮೊತ್ತ ಎಷ್ಟು?

ಮಂಕಿಯಿಂದ ದಿನಾ ಬಸ್ಸು ಹಿಡಿದು ಹೊನ್ನಾವರಕ್ಕೆ ಪಿಯುಸಿ ಓದಲು ಹೋಗುವ ಹುಡುಗಿಯೊಬ್ಬಳಿಗೆ ಒಂದು ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಈ ಪ್ರಶ್ನೆ ಕೊಟ್ಟೆ. ತಡಮಾಡದೆ ಮೊತ್ತದ ಸೂತ್ರ ಬರೆದಳು. ಒಮ್ಮೆ 7 ಹಾಕಿದಳು, ಒಮ್ಮೆ 13 ಹಾಕಿದಳು, ಎರಡನ್ನೂ ಸಮ ಮಾಡಿದಳು, ಆ ಕಡೆಯದು ಈ ಕಡೆ ತಂದಳು. ಮೊದಲ ಪದದ ಎರಡರಷ್ಟು ಎಂದರೆ ವ್ಯತ್ಯಾಸದ ಮೈನಸ್ 19ರಷ್ಟು ಎಂದು ಬಂತು. ಅದನ್ನು ಮತ್ತೆ 20ರ ಸೂತ್ರಕ್ಕೆ ಹಾಕಿದಾಗ ಉತ್ತರ ಸೊನ್ನೆ. ಎರಡೂವರೆ ನಿಮಿಷ ಹಿಡಿಯಿತು. ಒಂದು ತಪ್ಪೂ ಇರಲಿಲ್ಲ.

"ಸರಿ ಬಂತು. ಆದ್ರೆ ಸೊನ್ನೆ ಯಾಕೆ ಬಂತು?" ಎಂದು ಕೇಳಿದೆ.

"ಲೆಕ್ಕ ಮಾಡಿದ್ರೆ ಸೊನ್ನೆ ಬಂತು ಸರ್," ಎಂದಳು.

ಈ ಲೇಖನ ಆ ಉತ್ತರದ ಬಗ್ಗೆ. ಭಟ್ಕಳ, ಹೊನ್ನಾವರ, ಕುಮಟಾದ ಈ ಕರಾವಳಿ ಪಟ್ಟಿಯಲ್ಲಿ ಓದುವ ಮಕ್ಕಳಿಗೆ ಶ್ರೇಢಿಯ ಲೆಕ್ಕ ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಲೆಕ್ಕ ಬರುತ್ತದೆ, ಸೂತ್ರವೂ ಬರುತ್ತದೆ. ನಾವು ಕಲಿಸದೆ ಉಳಿಸಿದ್ದು ಸೂತ್ರದ ಒಳಗೆ ಕೂತಿರುವ ಒಂದೇ ಒಂದು ಮಾತನ್ನು. ಅದನ್ನು ಬಿಟ್ಟು ಅದರ ಹತ್ತು ವೇಷಗಳನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ಆ ಲೆಕ್ಕವನ್ನೇ ಇನ್ನೊಮ್ಮೆ ನೋಡೋಣ. 7 ಪದಗಳವರೆಗಿನ ಮೊತ್ತಕ್ಕೂ 13ರವರೆಗಿನ ಮೊತ್ತಕ್ಕೂ ವ್ಯತ್ಯಾಸವಿಲ್ಲ ಎಂದರೆ, 8ನೆಯದರಿಂದ 13ನೆಯದರವರೆಗಿನ ಆರು ಪದಗಳು ಕೂಡಿ ಸೊನ್ನೆಯಾಗಿವೆ. ಸಮಾಂತರ ಶ್ರೇಢಿಯ ಒಂದು ತುಂಡು ಕೂಡಿ ಸೊನ್ನೆಯಾಗಬೇಕಾದರೆ ಅದರ ನಡು ಸೊನ್ನೆಯ ಮೇಲೆ ಕೂತಿರಬೇಕು. 8 ಮತ್ತು 13ರ ನಡು ಹತ್ತೂವರೆ. 1 ಮತ್ತು 20ರ ನಡುವೂ ಹತ್ತೂವರೆ. ಅಲ್ಲಿಗೆ ಲೆಕ್ಕ ಮುಗಿಯಿತು. ನಂಬಿಕೆ ಬಾರದಿದ್ದರೆ 19, 17, 15 ಎಂದು ಎರಡೆರಡು ಇಳಿಸುತ್ತಾ ಹೋಗಿ. 8ನೆಯದರಿಂದ ಸಿಗುವ ಪದಗಳು 5, 3, 1, −1, −3, −5. 20ನೆಯ ಪದ −19. ಎಡಗಡೆ ಇದ್ದದ್ದೆಲ್ಲ ಬಲಗಡೆ ಚಿಹ್ನೆ ಬದಲಿಸಿ ನಿಂತಿದೆ. ಇದಕ್ಕೆ ಪೆನ್ನು ಬೇಡ, ಹತ್ತು ಸೆಕೆಂಡು ಸಾಕು.

ಕರ್ನಾಟಕದ ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ಎರಡೂವರೆ ನಿಮಿಷ ತೆಗೆದುಕೊಂಡವಳು ಒಂದು ಪ್ರಶ್ನೆ ಗೆದ್ದು ಇನ್ನೊಂದನ್ನು ಬಿಟ್ಟುಕೊಟ್ಟಳು. ಹಾಗಾಗಿ "ಅರ್ಥ ಮಾಡಿಕೊಂಡು ಓದಲು ಪುರುಸೊತ್ತೆಲ್ಲಿದೆ, ಪರೀಕ್ಷೆಗೆ ಶಾರ್ಟ್‌ಕಟ್ಟೇ ಗತಿ" ಎನ್ನುವವರ ವಾದ ತಲೆಕೆಳಗಾಗಿದೆ. ಇಲ್ಲಿ ಅರ್ಥವೇ ಹತ್ತಿರದ ದಾರಿ, ಸೂತ್ರವೇ ಸುತ್ತು.

ನಡುವಿನ ಈ ವಿಚಾರ ನನ್ನದಲ್ಲ, ಬಹಳ ಹಳೆಯದು. 499ರ ಆರ್ಯಭಟೀಯದಲ್ಲೇ ಇದೆ: ನಡುವಿನ ಬೆಲೆಯನ್ನು ಪದಗಳ ಎಣಿಕೆಯಿಂದ ಗುಣಿಸಿದರೆ ಮೊತ್ತ. ನಮ್ಮ ನೆಲದಲ್ಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಆ ಪರಂಪರೆಯ ಪದಗಳನ್ನು ಗಮನಿಸಿ: ಮೊದಲ ಪದ 'ಆದಿ', ಹೆಚ್ಚುತ್ತಾ ಹೋಗುವುದು 'ಚಯ', ಪದಗಳ ಎಣಿಕೆ 'ಗಚ್ಛ', ನಡುವಿನ ಬೆಲೆ 'ಮಧ್ಯಧನ', ಒಟ್ಟು ಮೊತ್ತ 'ಸರ್ವಧನ'. ಮಧ್ಯಧನವನ್ನು ಗಚ್ಛದಿಂದ ಗುಣಿಸಿದರೆ ಸರ್ವಧನ. ಸಮಾಂತರ ಶ್ರೇಢಿಯ ಮೊತ್ತದ ವಿಚಾರ ಇಷ್ಟೇ. ಎನ್/2 ಎಂದು ಶುರುವಾಗಿ ಚೌಕ ಆವರಣದಲ್ಲಿ ಮುಗಿಯುವ ನಮ್ಮ ಸೂತ್ರವೂ ಹೇಳುವುದು ಇದನ್ನೇ. ಆದರೆ ಬಿಡಿಸಿ ಬರೆಯುವ ಭರದಲ್ಲಿ ಅದು ನಡುವನ್ನು ಮುಚ್ಚಿಬಿಟ್ಟಿದೆ.

ಮಹಾವೀರಾಚಾರ್ಯನಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ ಮುಂತಾದ ಎಂಟು ಪರಿಕರ್ಮಗಳಲ್ಲಿ ಕೊನೆಯ ಎರಡು ಸಂಕಲಿತ ಮತ್ತು ವ್ಯುತ್ಕಲಿತ. ಸಂಕಲಿತ ಎಂದರೆ ಶ್ರೇಢಿಯನ್ನು ಕೂಡಿಸುವುದು. ವ್ಯುತ್ಕಲಿತ ಎಂದರೆ ಆರಂಭದ ಕೆಲವು ಪದಗಳನ್ನು ಕತ್ತರಿಸಿ ಉಳಿದದ್ದರ ಮೊತ್ತ ತೆಗೆಯುವುದು. ಮಂಕಿಯ ಹುಡುಗಿಗೆ ಕೊಟ್ಟ ಲೆಕ್ಕದ ಬೀಗದ ಕೈ ಈ ವ್ಯುತ್ಕಲಿತವೇ: 13ರ ಮೊತ್ತದಿಂದ 7ರ ಮೊತ್ತ ಕತ್ತರಿಸಿ ಉಳಿದದ್ದನ್ನು ನೋಡುವುದು. ಕೂಡುವುದು, ಕಳೆಯುವುದರಷ್ಟೇ ಮೂಲಭೂತ ಕೆಲಸವೆಂದು ಅವನು ಅದಕ್ಕೊಂದು ಹೆಸರು ಕೊಟ್ಟು ಕೂರಿಸಿದ್ದ. ನಮ್ಮ ಗೈಡುಗಳಲ್ಲಿ ಅದು 'ವಿಶೇಷ ಫಲಿತಾಂಶ, ಕ್ರಮಸಂಖ್ಯೆ ಇಷ್ಟು' ಎಂದು ಒಂದು ಸಾಲಾಗಿ ಸೊರಗಿದೆ.

ನಡುವಿನ ಲೆಕ್ಕ ತಿಳಿಯಲು ಗ್ರಂಥ ತೆರೆಯಬೇಕಾಗಿಯೂ ಇಲ್ಲ, ಊರಿನ ಸೊಸೈಟಿಯ ಕೌಂಟರು ಸಾಕು. ಪಿಗ್ಮಿ ಎಂಬ ದಿನವಹಿ ಉಳಿತಾಯವನ್ನು 1928ರಲ್ಲಿ ಶುರು ಮಾಡಿದ ಬ್ಯಾಂಕು ನಮ್ಮ ತೆಂಕಣ ಉಡುಪಿಯದು. ಈ ಕರಾವಳಿಯಲ್ಲಿ ಕಂತು ಕಟ್ಟದ ಮನೆ ಹುಡುಕಬೇಕು. ತಿಂಗಳಿಗೆ 1000 ರೂಪಾಯಿಯಂತೆ ಒಂದು ವರ್ಷ ಆರ್‌.ಡಿ. ಕಟ್ಟಿದಿರಿ ಎಂದುಕೊಳ್ಳಿ. ಮೊದಲ ಕಂತು 12 ತಿಂಗಳು ದುಡಿಯುತ್ತದೆ, ಎರಡನೆಯದು 11, ಕೊನೆಯದು 1. ಸರಾಸರಿ ಒಂದೊಂದು ಕಂತೂ ಆರೂವರೆ ತಿಂಗಳು. ಹನ್ನೆರಡು ಆರೂವರೆ 78. ಅಂದರೆ 78,000 ರೂಪಾಯಿ ಒಂದು ತಿಂಗಳು ಇಟ್ಟಂತೆ. ಶೇಕಡಾ 8ರ ಸರಳ ಬಡ್ಡಿಯಾದರೆ 520 ರೂಪಾಯಿ. ಅನುಭವಸ್ಥ ಗುಮಾಸ್ತರು ಈ 'ಆರೂವರೆ'ಯನ್ನು ಬಾಯಲ್ಲೇ ಹೇಳುತ್ತಾರೆ. ಅವರು ಹೇಳುತ್ತಿರುವುದು ಮಧ್ಯಧನವನ್ನು.

ಈಗ ಕೋಚಿಂಗ್ ಕೈಪಿಡಿಗಳ ಅಚ್ಚುಮೆಚ್ಚಿನ ಇನ್ನೊಂದು ಲೆಕ್ಕ. ಎರಡು ಸಮಾಂತರ ಶ್ರೇಢಿಗಳ ಎನ್ ಪದಗಳ ಮೊತ್ತಗಳು (3ಎನ್ + 5) : (5ಎನ್ + 7) ಅನುಪಾತದಲ್ಲಿವೆ. ಅವುಗಳ 10ನೆಯ ಪದಗಳ ಅನುಪಾತವೇನು? "ಎನ್ ಇದ್ದಲ್ಲಿ 2ಎನ್ − 1 ಹಾಕು" ಎಂದು ಶಾರ್ಟ್‌ಕಟ್ಟು ಕಲಿಸುತ್ತಾರೆ. 19 ಹಾಕಿದರೆ 62 : 102, ಅಂದರೆ 31 : 51. ಉತ್ತರ ಸರಿ. ಆದರೆ 19 ಯಾಕೆ? 10ನೆಯ ಪದ 19 ಪದಗಳ ನಡುವಿನದು, ಆಚೆ ಒಂಬತ್ತು, ಈಚೆ ಒಂಬತ್ತು. 19 ಪದಗಳ ಮೊತ್ತವೆಂದರೆ ನಡುವಿನ ಪದದ 19ರಷ್ಟು. ಎರಡೂ ಕಡೆ 19 ಹೊಡೆದುಹೋದರೆ ಉಳಿಯುವುದು ನಡುವಿನ ಪದಗಳ ಅನುಪಾತ. ಇಷ್ಟು ಕಂಡವರಿಗೆ ಸೂತ್ರ ಮರೆತರೂ ಚಿಂತೆಯಿಲ್ಲ. ಕಾಣದವರು ಪರೀಕ್ಷೆಯ ಗಾಬರಿಯಲ್ಲಿ 2ಎನ್ − 1 ಅಥವಾ 2ಎನ್ + 1 ಎಂದು ತಡಕಾಡುತ್ತಾರೆ, ಇಲ್ಲವೇ ನೇರವಾಗಿ 10 ಹಾಕಿ 35 : 57 ಎನ್ನುತ್ತಾರೆ. ಆ 35 : 57 ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕಾದು ಕೂತಿರುತ್ತದೆ. ಪ್ರಶ್ನೆ ತೆಗೆಯುವವರು ನಮ್ಮ ಮಕ್ಕಳಿಗಿಂತ ಮೊದಲೇ ಆ ಶಾರ್ಟ್‌ಕಟ್ಟಿನ ಪುಸ್ತಕ ಓದಿರುತ್ತಾರೆ.

ಶಾರ್ಟ್‌ಕಟ್ಟು ಮರೆತುಹೋದರೆ ಒಂದು ಅಂಕ ಹೋಗುತ್ತದೆ, ಅಷ್ಟೇ. ನೆನಪಿದ್ದೂ ಕೈಕೊಡುವ ಸಂದರ್ಭ ಅದಕ್ಕಿಂತ ಕೆಟ್ಟದ್ದು. ಎನ್ ಪದಗಳ ಮೊತ್ತ 3ಎನ್² + 5ಎನ್ ಎಂದು ಕೊಟ್ಟು ಸಾಮಾನ್ಯ ವ್ಯತ್ಯಾಸ ಕೇಳಿದರೆ, ವರ್ಗದ ಮುಂದಿನ ಸಂಖ್ಯೆಯ ಎರಡರಷ್ಟು, ಅಂದರೆ 6 ಎಂದು ಹುಡುಗರು ಕಣ್ಣು ಮುಚ್ಚಿ ಹೇಳುತ್ತಾರೆ. ಸರಿಯೇ. ಅದರ ಬಾಲಕ್ಕೆ ಒಂದು 2 ಸೇರಿಸಿ 3ಎನ್² + 5ಎನ್ + 2 ಎಂದು ಕೊಟ್ಟು ನೋಡಿ. ಹೆಚ್ಚಿನವರು ಆಗಲೂ 6 ಎನ್ನುತ್ತಾರೆ. ಮೊದಲ ಕೆಲವು ಮೊತ್ತಗಳು 10, 24, 44, 70. ಹಾಗಾಗಿ ಪದಗಳು 10, 14, 20, 26. ಮೊದಲ ಜಿಗಿತ 4, ಆಮೇಲಿನವು 6. ಇದು ಸಮಾಂತರ ಶ್ರೇಢಿಯೇ ಅಲ್ಲ. ಸೊನ್ನೆ ಪದಗಳ ಮೊತ್ತ ಸೊನ್ನೆಯಾಗಬೇಕು, ಇಲ್ಲಿ 2 ಆಗುತ್ತಿದೆ. ಎಲ್ಲಿಂದಲೋ ಬಂದ ಆ 2 ಮೊದಲ ಪದದ ಹೆಗಲೇರಿ ಕೂತಿದೆ. ಎನ್ ಜಾಗದಲ್ಲಿ ಸೊನ್ನೆ ಹಾಕಿ ನೋಡುವ ಅಭ್ಯಾಸವಿದ್ದವರು ಒಂದು ಕ್ಷಣದಲ್ಲಿ ಹಿಡಿಯುತ್ತಾರೆ.

ಗುಣೋತ್ತರ ಶ್ರೇಢಿಗೆ ಬಂದರೆ ನಡುವಿನ ಮಾತು ಅರ್ಧ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ. ಗುಣಲಬ್ಧ ಕೇಳಿದಾಗ ನಡೆಯುತ್ತದೆ. 4ನೆಯ ಪದ 3 ಆಗಿರುವ ಗುಣೋತ್ತರ ಶ್ರೇಢಿಯ ಮೊದಲ 7 ಪದಗಳ ಗುಣಲಬ್ಧವೆಷ್ಟು ಎಂದರೆ, ಮೊದಲ ಪದವಿಲ್ಲ, ಅನುಪಾತವಿಲ್ಲ, ಪ್ರಶ್ನೆಯೇ ಅಪೂರ್ಣ ಎಂದು ಬಿಟ್ಟೇಳುವವರಿದ್ದಾರೆ. ಆದರೆ ನಡು 3, ಅದರ ಅಕ್ಕಪಕ್ಕದ ಜೋಡಿಗಳೆಲ್ಲ ಗುಣಿಸಿದಾಗ 9. ಉತ್ತರ 3ರ 7ನೇ ಘಾತ, 2187. ಮೊತ್ತ ಕೇಳಿದಾಗ ಮಾತ್ರ ನಡು ಸಹಾಯಕ್ಕೆ ಬಾರದು. ಅಲ್ಲಿ ಬೇಕಾದದ್ದು ಇನ್ನೊಂದು ಮಾತು: ಇಡೀ ಸಾಲನ್ನು ಅನುಪಾತದಿಂದ ಗುಣಿಸಿ ಒಂದು ಮನೆ ಸರಿಸು, ಮೂಲದಿಂದ ಕಳೆ. ನಡುವಿನದೆಲ್ಲ ಒಂದನ್ನೊಂದು ನುಂಗಿ ಎರಡು ತುದಿಗಳು ಮಾತ್ರ ಉಳಿಯುತ್ತವೆ.

ಇದಕ್ಕೆ ಚದುರಂಗದ ಮನೆಗಳಲ್ಲಿ ಕಾಳು ಇಡುವ ಕತೆಯನ್ನೇ ಎಷ್ಟು ಸಲ ಹೇಳುವುದು? ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ, ಶರಾವತಿಯ ದಂಡೆಯ ಕಾಡಿನಲ್ಲಿ ಚತುರ್ಮುಖ ಬಸದಿಯಿದೆ. ಭಟ್ಕಳದ ಪೇಟೆಯಲ್ಲಿ ಚಂದ್ರನಾಥನ ಬಸದಿಯಿದೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಹೋಗಿ ಫೋಟೋ ತೆಗೆದು ಬರುತ್ತಾರೆ. ಆ ಬಸದಿಗಳನ್ನು ಕಟ್ಟಿದವರ ಲೋಕದ ಕಲ್ಪನೆಯೇ ಒಂದು ಗುಣೋತ್ತರ ಶ್ರೇಢಿ. ನಡುವೆ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ. ಅದನ್ನು ಬಳೆಯಂತೆ ಸುತ್ತಿದ ಲವಣ ಸಮುದ್ರದ ಅಗಲ ಎರಡು ಲಕ್ಷ, ಅದರಾಚೆ ಧಾತಕೀಖಂಡ ನಾಲ್ಕು ಲಕ್ಷ, ಕಾಲೋದ ಸಮುದ್ರ ಎಂಟು ಲಕ್ಷ. ಹೀಗೆ ದ್ವೀಪ, ಸಮುದ್ರ, ದ್ವೀಪ, ಸಮುದ್ರ, ಒಂದೊಂದೂ ಹಿಂದಿನದರ ಇಮ್ಮಡಿ.

ಇದರಿಂದ ಎರಡು ಪ್ರಶ್ನೆ ತೆಗೆಯಬಹುದು. ಮೊದಲನೆಯದು: ಕಾಲೋದ ಸಮುದ್ರದ ಹೊರ ಅಂಚಿನವರೆಗೆ ಒಟ್ಟು ವ್ಯಾಸವೆಷ್ಟು? ಬಳೆಯಾದ್ದರಿಂದ ಎರಡೂ ಕಡೆ ಎಣಿಸಬೇಕು: 1 + 2(2 + 4 + 8) = 29 ಲಕ್ಷ ಯೋಜನ. ಒಂದೊಂದು ಬಳೆ ದಾಟಿದಾಗ ಬರುವ ವ್ಯಾಸಗಳು 5, 13, 29, 61. ಎಲ್ಲವೂ 2ರ ಒಂದೊಂದು ಘಾತಕ್ಕಿಂತ 3 ಕಡಿಮೆ: 8, 16, 32, 64. ಆ 3 ಎಲ್ಲಿಂದ ಬಂತೆಂದು ಕೇಳಿ ಒಂದು ಮನೆ ಸರಿಸಿ ಕಳೆದು ನೋಡಿದ ಹುಡುಗ ಮೊತ್ತದ ಸೂತ್ರವನ್ನು ತಾನೇ ಕಟ್ಟಿಕೊಂಡಿರುತ್ತಾನೆ.

ಎರಡನೆಯದು: ಎಂಟನೆಯ ದ್ವೀಪ ನಂದೀಶ್ವರದ ಅಗಲವೆಷ್ಟು? ಎಂಟನೆಯದಲ್ಲವೇ, 2ರ 7ನೇ ಘಾತ, 128 ಲಕ್ಷ ಎಂದು ಬಾಯಿ ಹೇಳುತ್ತದೆ. ತಪ್ಪು. ನಂದೀಶ್ವರಕ್ಕಿಂತ ಮೊದಲು ಏಳು ದ್ವೀಪಗಳಿರುವಂತೆ ಏಳು ಸಮುದ್ರಗಳೂ ಇವೆ. ಅದು ಶ್ರೇಢಿಯ 15ನೆಯ ಪದ, 2ರ 14ನೇ ಘಾತ, 16384 ಲಕ್ಷ. ನೂರ ಅರವತ್ತಮೂರು ಕೋಟಿ ಎಂಬತ್ತನಾಲ್ಕು ಲಕ್ಷ ಯೋಜನ ಎಂದು ಜೈನ ಗ್ರಂಥಗಳು ಹೇಳುವುದೂ ಅದನ್ನೇ. ಸೂತ್ರ ಬಲ್ಲವರು ಸೋಲುವುದು ಇಲ್ಲಿಯೇ, ಗಚ್ಛ ಎಣಿಸುವಲ್ಲಿ. ಇನ್ನು ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷಾ ಕೊಠಡಿಯಲ್ಲಿ 2ನ್ನು ಹದಿನಾಲ್ಕು ಸಲ ಬರೆದು ಗುಣಿಸಬೇಕೆ? ಬೇಡ. ಗುಣೋತ್ತರದ ಲೆಕ್ಕಕ್ಕೆ ಮಹಾವೀರಾಚಾರ್ಯ ಬಳಸಿದ ದಾರಿ ಹೀಗಿದೆ: ಘಾತ ಸಮವಾದರೆ ಅರ್ಧ ಮಾಡಿ 'ವರ್ಗ' ಎಂದು ಗುರುತಿಸು, ಬೆಸವಾದರೆ ಒಂದು ಕಳೆದು 'ಗುಣ' ಎಂದು ಗುರುತಿಸು, ಕೊನೆಗೆ ಗುರುತುಗಳನ್ನು ಹಿಂದುಮುಂದಾಗಿ ನಡೆಸು. 14, 7, 6, 3, 2, 1. ವಾಪಸು ಬಂದರೆ 2, 4, 8, 64, 128, 16384. ಆರು ಹೆಜ್ಜೆ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಕೇಳಬೇಕು. ಅದು ಹುಸಿಯಲ್ಲ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕಿ ಉಳಿದದ್ದರಲ್ಲಿ ಒಂದನ್ನು ಗೀಚಿದರೂ ಲಾಭವೇ. ಇಂಥ ಪರೀಕ್ಷೆಗೆ ತಂತ್ರ ಕಲಿಸುವುದು ತಪ್ಪಲ್ಲ. ಸೂತ್ರವೂ ಶತ್ರುವಲ್ಲ. 20 ಪದಗಳ ಮೊತ್ತವನ್ನು ನೇರವಾಗಿ ಕೇಳಿದಾಗ ಅದೇ ಬೇಗ. ಮೊತ್ತದ ಸೂತ್ರ ಯಾವುದೆಂದು ಕೇಳಿದಾಗ ಆಯ್ಕೆಗಳಲ್ಲಿ 1 ಮತ್ತು 2 ಹಾಕಿ ಪರೀಕ್ಷಿಸುವುದು ನನ್ನ ಮಟ್ಟಿಗೆ ಒಳ್ಳೆಯ ಗಣಿತವೇ. ನನ್ನ ತಕರಾರು ತಂತ್ರದ ಬಗ್ಗೆ ಅಲ್ಲ, ಕಾರಣ ಕಳಚಿಕೊಂಡ ತಂತ್ರದ ಬಗ್ಗೆ.

ಅದಕ್ಕೆ ಪರೀಕ್ಷೆಗಳೇ ಆಧಾರ ಒದಗಿಸುತ್ತವೆ. ಜೆಇಇ ಮೇನ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಪ್ರತಿ ವಿಷಯದಲ್ಲೂ 5 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆಯನ್ನು ನೀವೇ ತುಂಬಬೇಕು. ಅಲ್ಲಿ ತಳ್ಳಿಹಾಕಲು ಏನೂ ಇಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲೂ ಅರ್ಧ ತೂಕ ದ್ವಿತೀಯ ಪಿಯುಸಿ ಅಂಕಗಳದ್ದು, ಅಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸಬೇಕು. ಪಠ್ಯವಂತೂ ನಿಂತಲ್ಲಿ ನಿಲ್ಲುವುದಿಲ್ಲ. 2024ರ ಏಪ್ರಿಲ್ 18, 19ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳ ಪ್ರಶ್ನೆಗಳು ಬಂದು ಗಲಾಟೆಯಾಗಿ, ಪರೀಕ್ಷಾ ಪ್ರಾಧಿಕಾರ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು. ಸೂತ್ರದ ಪಟ್ಟಿ ಉರು ಹೊಡೆದವರಿಗೆ ಪಠ್ಯ ಬದಲಾದಾಗಲೆಲ್ಲ ಹೊಸ ಪಟ್ಟಿ ಬೇಕು. ನಡು ಹಿಡಿಯುವುದು, ಮನೆ ಸರಿಸುವುದು ಯಾವ ಪಟ್ಟಿಯಲ್ಲೂ ಹಳತಾಗುವುದಿಲ್ಲ.

ಪಠ್ಯ ಇಳಿಸಿದ ಈ ಕೆಲಸ ನಮ್ಮ ಊರುಗಳ ಮಕ್ಕಳ ಮುಂದೆ ಇನ್ನೊಂದು ಕಂದಕ ತೋಡಿದೆ. ಎನ್‌ಸಿಇಆರ್‌ಟಿ 11ನೇ ತರಗತಿಯ ಪುಸ್ತಕದಿಂದ ಸಮಾಂತರ ಶ್ರೇಢಿಯ ಭಾಗವನ್ನೇ ತೆಗೆಯಿತು, 10ನೇ ತರಗತಿಯಲ್ಲಿ ಅದು ಇದೆ ಎಂಬ ಲೆಕ್ಕದಲ್ಲಿ. ಅದೇನೋ ನಿಜ. ಆದರೆ ಕುಮಟಾ ತಾಲೂಕಿನ ಹಳ್ಳಿಯ ಪ್ರೌಢಶಾಲೆಯಲ್ಲಿ ಕಲಿತವಳು ಅದನ್ನು 'ಸಾಮಾನ್ಯ ವ್ಯತ್ಯಾಸ' ಎಂದು ಕನ್ನಡದಲ್ಲಿ ಕಲಿತಿದ್ದಾಳೆ, ಭಟ್ಕಳದ ಕೆಲವು ಮಕ್ಕಳು ಉರ್ದುವಿನಲ್ಲಿ ಕಲಿತಿದ್ದಾರೆ. ಪಿಯುಸಿ ವಿಜ್ಞಾನಕ್ಕೆ ಬಂದ ದಿನ ಎಲ್ಲವೂ ಇಂಗ್ಲಿಷು, ಮತ್ತು ಮೊದಲ ಶ್ರೇಢಿಯನ್ನು ಬಿಟ್ಟು ನೇರ ಗುಣೋತ್ತರ. ಎರಡನ್ನು ಜೋಡಿಸುತ್ತಿದ್ದ ಕಾಲುಸಂಕವನ್ನು ತೆಗೆದಿದ್ದಾರೆ. ಮೂಡುಬಿದಿರೆಗೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಹಾಸ್ಟೆಲಿನಲ್ಲಿದ್ದು ಓದುವವರಿಗೆ ಆ ಸಂಕವನ್ನು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಲು ಸಾಧ್ಯ. ಇಲ್ಲೇ ಉಳಿದವರಿಗೆ ಅದನ್ನು ಕಟ್ಟಿಕೊಡಬೇಕಾದವರು ಇಲ್ಲಿನ ಉಪನ್ಯಾಸಕರು. ಸಮಾಧಾನವೆಂದರೆ ಈ ಒಂದು ಪಾಠಕ್ಕೆ ಪ್ರಯೋಗಾಲಯ ಬೇಡ, ಟ್ಯಾಬ್ಲೆಟ್ ಬೇಡ, ಲಕ್ಷಗಟ್ಟಲೆ ಫೀಸೂ ಬೇಡ.

ಬೇಕಾದದ್ದು ಕ್ಲಾಸಿನ ಕ್ರಮದಲ್ಲಿ ಸಣ್ಣ ಬದಲಾವಣೆ. ಸೂತ್ರ ಬರೆಯುವ ಮೊದಲು ಎರಡು ಪ್ರಶ್ನೆ ಕೇಳುವ ರೂಢಿ: ಎಷ್ಟು ಪದ? ನಡು ಎಲ್ಲಿ? ವಾರಕ್ಕೊಂದು ಲೆಕ್ಕವನ್ನಾದರೂ ಎರಡು ದಾರಿಯಲ್ಲಿ ಮಾಡಿ, ಯಾವುದು ಯಾವಾಗ ಬೇಗ ಎಂದು ಮಕ್ಕಳೇ ಹೇಳುವುದು. ಪದಗಳನ್ನು ಒಂದು ತಿಂಗಳು ಎರಡು ಭಾಷೆಯಲ್ಲೂ ಹಲಗೆಯ ಮೇಲೆ ಇಡುವುದು. ಮತ್ತು ನನಗೆ ಎಲ್ಲಕ್ಕಿಂತ ಉಪಯುಕ್ತವೆಂದು ಕಂಡದ್ದು, ಮಕ್ಕಳಿಂದಲೇ ಪ್ರಶ್ನೆ ತೆಗೆಸುವುದು. ಸರಿ ಉತ್ತರ ಯಾರು ಬೇಕಾದರೂ ಬರೆದಾರು. ಉಳಿದ ಮೂರು ತಪ್ಪು ಉತ್ತರಗಳನ್ನೂ ಬರೆದು, ಯಾರು ಎಲ್ಲಿ ಜಾರಿ ಅಲ್ಲಿಗೆ ಬೀಳುತ್ತಾರೆ ಎಂದು ಹೇಳಬೇಕು.

ಆ ಜಗುಲಿಯ ಸಂಜೆಯ ನಂತರ ಮಂಕಿಯ ಹುಡುಗಿಗೂ ಅದನ್ನೇ ಹೇಳಿ ಕಳಿಸಿದ್ದೆ. ಮುಂದಿನ ವಾರ ಹಾಳೆಯೊಂದನ್ನು ತಂದಳು. ಎರಡು ಶ್ರೇಢಿಗಳ ಅನುಪಾತದ ಲೆಕ್ಕ, ಕೆಳಗೆ ನಾಲ್ಕು ಆಯ್ಕೆ. ಒಂದೊಂದರ ಎದುರೂ ಪೆನ್ಸಿಲಿನಲ್ಲಿ ಸಣ್ಣ ಟಿಪ್ಪಣಿ. 31 : 51ರ ಎದುರು 'ನಡು'. 35 : 57ರ ಎದುರು 'ಇದು ಹೋದ ವಾರದ ನಾನು'.